ಕಾಳಿಯ ಕಲ್ಲು, ಹುಲಿಯನ ಹೊಳೆ

ಬೇಟೆಯ ವರ್ಣನೆಗೆ ಕನ್ನಡ ಸಾಹಿತ್ಯದಲ್ಲಿ ಎಂದೂ ಬರಗಾಲ ಬಂದಿಲ್ಲ. ಹಳೆಯ ಕವಿಗಳಿಗೆ ರಾಜನನ್ನು ಒಮ್ಮೆಯಾದರೂ ಕಾಡಿಗೆ ಕಳಿಸುವ ಆಸೆ. ಹೊಸ ಕಾದಂಬರಿಕಾರರಿಗೆ ಕೋವಿಯ ಸದ್ದಿನ ಮೋಹ. ಆದರೆ ಇವನ್ನೆಲ್ಲ ಓದುವಾಗ ನಮ್ಮಂಥ ಹೆಂಗಸರಿಗೆ ಒಂದು ತೊಡಕಿದೆ. ಬೇಟೆಗಾರನ ಬೆನ್ನು ಹತ್ತಿ ಹೋಗೋಣವೆಂದರೆ ಆ ದಾರಿಯಲ್ಲಿ ನಮಗೆ ಜಾಗವಿಲ್ಲ. ಮನೆಯಲ್ಲೇ ಉಳಿದು ಮಸಾಲೆ ಅರೆಯೋಣವೆಂದರೆ ಆ ಒಳಮನೆಯ ಕಡೆಗೆ ಲೇಖಕ ತಲೆ ಹಾಕುವುದೇ ಅಪರೂಪ. ಹಾಗಾದರೆ ಬೇಟೆಯ ಸಾಹಿತ್ಯವನ್ನು ನಾವು ಓದುವುದಾದರೂ ಹೇಗೆ? ಇದಕ್ಕೆ ನನಗೆ ಸಿಕ್ಕ ಉಪಾಯ ಇಷ್ಟೇ: ಬೇಟೆಗಾರನನ್ನು ಅವನ ಪಾಡಿಗೆ ಬಿಟ್ಟು, ಅವನ ನಾಯಿಯ ಹಿಂದೆ ಹೋಗುವುದು.

ಈ ಉಪಾಯವನ್ನು ಹೇಳಿಕೊಟ್ಟದ್ದು ಯಾವ ವಿಮರ್ಶಕರೂ ಅಲ್ಲ, ನಮ್ಮಜ್ಜಿ. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಅವಳು ಬಾಳಿದವಳು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಆ ಕಡೆಯ ಗಂಡಸರು ಒಂದು ಕಾಲದಲ್ಲಿ ಬಲೆ, ದೊಣ್ಣೆ, ನಾಯಿಗಳೊಂದಿಗೆ ಬೀಳು ಹೊಲಗಳಿಗೂ ಕುರುಚಲು ಗುಡ್ಡಗಳಿಗೂ ಹೋಗುತ್ತಿದ್ದರು. ಸಂಜೆಗೆ ಒಂದೆರಡು ಮೊಲ ಸಿಕ್ಕರೆ ಊರಿಗೆಲ್ಲ ಸುದ್ದಿ. ಅಜ್ಜಿ ಹೇಳುತ್ತಿದ್ದಳು: "ಗಂಡಸ್ರು ತಂದ್ರು ಅಂತಾರೆ. ತಂದಿದ್ದು ನಾಯಿ ಕಣೇ. ಇವ್ರು ಹೊತ್ಕೊಂಡು ಬಂದ್ರು ಅಷ್ಟೆ." ಈ ಒಂದು ಮಾತಿನಲ್ಲಿ ಒಳ್ಳೆಯ ವಿಮರ್ಶೆಯಿದೆ. ಕೆಲಸ ಮಾಡಿದವರು ಯಾರು, ಹೆಸರು ತೆಗೆದುಕೊಂಡವರು ಯಾರು ಎಂದು ಕೇಳುವ ವಿಮರ್ಶೆ ಅದು.

ಅಜ್ಜಿಯ ಮನೆಯ ನಾಯಿಗೆ ಇಂಥದೇ ಜಾತಿ ಎಂದಿರಲಿಲ್ಲ. ಅದು ಪೊದೆಯಲ್ಲಿ ಮೂಸಿ ಮೊಲವಿದೆಯೆಂದು ತಿಳಿಸಬೇಕು, ಎಬ್ಬಿಸಬೇಕು, ಬಲೆಯ ಕಡೆಗೆ ಅಟ್ಟಬೇಕು, ತಪ್ಪಿಸಿಕೊಂಡರೆ ಓಡಿ ಹಿಡಿಯಬೇಕು, ಹಿಡಿದದ್ದನ್ನು ತಾನು ತಿನ್ನದೆ ಬಿಟ್ಟುಕೊಡಬೇಕು. ರಾತ್ರಿ ಕಣ ಕಾಯಬೇಕು, ಹಗಲು ತೊಟ್ಟಿಲ ಪಕ್ಕ ಮಲಗಬೇಕು. ಸಿರಿವಂತರ ಬೇಟೆಯಲ್ಲಿ ಈ ಕೆಲಸಗಳಿಗೆ ಬೇರೆ ಬೇರೆ ನಾಯಿಗಳಿರುತ್ತವೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನೇ ನೋಡಿ. ತೆಳ್ಳನೆಯ ಮೈ, ಉದ್ದ ಕಾಲು. ಅದು ಕಣ್ಣಿನಿಂದ ಬೇಟೆ ಕಂಡು ಬಯಲಿನಲ್ಲಿ ಅಟ್ಟಿ ಹಿಡಿಯುವ ನಾಯಿ. ಅದಕ್ಕೆ ರಾಜಾಶ್ರಯ ಸಿಕ್ಕಿತು, 2005ರಲ್ಲಿ ಅಂಚೆಚೀಟಿಯೂ ಬಂತು. ಜರ್ಮನಿಯಲ್ಲಿ 19ನೇ ಶತಮಾನದ ನಡುವಿನಲ್ಲಿ ಬೇಟೆಯ ಹಕ್ಕು ಕುಲೀನ ಪ್ರಭುಗಳ ಕೈಯಿಂದ ಸಾಮಾನ್ಯರಿಗೂ ಬಂದಾಗ, ನಾಲ್ಕು ನಾಯಿ ಸಾಕಲು ಶಕ್ತಿಯಿಲ್ಲದ ಅವರಿಗೆ ಎಲ್ಲ ಕೆಲಸ ಬಲ್ಲ ಒಂದೇ ನಾಯಿ ಬೇಕಾಯಿತು. ಹುಡುಕುವುದು, ತೋರಿಸುವುದು, ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವುದು, ನೀರಿಗಿಳಿದು ಹಕ್ಕಿಯನ್ನು ಎತ್ತಿ ತರುವುದು, ಎಲ್ಲವನ್ನೂ ಒಂದೇ ನಾಯಿ ಕಲಿಯುವಂತೆ ಅಲ್ಲಿನವರು ತಳಿಗಳನ್ನು ರೂಪಿಸಿದರು. ಬಡವರ ಮನೆಯಲ್ಲಿ ಒಂದೇ ಜೀವ ಎಲ್ಲವನ್ನೂ ಮಾಡಬೇಕು. ಈ ನಿಯಮ ನಾಯಿಗೆ ಮಾತ್ರ ಇದೆಯೆಂದು ನನ್ನ ಓದುಗರಾದ ನೀವು ತಿಳಿಯಲಾರಿರಿ.

ಈ ಕಣ್ಣಿನಿಂದ ನೋಡಿದಾಗ ಕನ್ನಡದ ಬೇಟೆನಾಯಿಗಳಲ್ಲಿ ಮೊದಲು ನೆನಪಾಗುವುದು ಆತಕೂರಿನ ಶಾಸನದ ಕಾಳಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಈ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಮಣಲೆರನೆಂಬ ವೀರ ಮೆಚ್ಚುಗೆ ಗಳಿಸಿದ. ಏನು ಬೇಕು ಕೇಳು ಎಂದು ಒಡೆಯ ಹೇಳಿದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿಯೆಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಕೆಳಲೆನಾಡಿನ ಬೆಳತೂರಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ಬಿಟ್ಟರು.

ಈ ಶಾಸನವನ್ನು ಚರಿತ್ರೆಕಾರರು ತಕ್ಕೋಲದ ಯುದ್ಧಕ್ಕಾಗಿ ಓದಿದ್ದಾರೆ. ಪ್ರಾಣಿಪ್ರಿಯರು ನಾಯಿಯ ನಿಯತ್ತಿಗಾಗಿ ಓದುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಇದರ ಕೊನೆಯ ಸಾಲುಗಳು. ದಾನದ ಭೂಮಿಯನ್ನು ಅಳಿದವನಿಗೂ, ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೂ ಒಂದು ಶಾಪವಿದೆ: ಆ ನಾಯಿ ಮಾಡಿದ ಪಾಪ ಅವರಿಗೆ ತಟ್ಟುತ್ತದೆ. ನಮ್ಮ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕವಿಲೆಯನ್ನು ಕೊಂದ ಪಾಪ, ವಾರಣಾಸಿಯನ್ನು ಅಳಿದ ಪಾಪ. ಇಲ್ಲಿ ನಾಯಿಯ ಪಾಪ! ನಾಯಿ ಮಾಡಿದ ಪಾಪ ಯಾವುದು? ಅದು ಕೊಂದದ್ದು. ಯಾರಿಗಾಗಿ ಕೊಂದದ್ದು? ತನ್ನನ್ನು ಹಂದಿಯ ಮೇಲೆ ಬಿಟ್ಟವರಿಗಾಗಿ. ಕಲ್ಲು ನಿಲ್ಲಿಸಿದವರಿಗೆ ಬೇಟೆಯಲ್ಲಿ ಪಾಪವಿದೆಯೆಂದು ಗೊತ್ತಿತ್ತು. ಆದರೆ ಬರೆಯುವಾಗ ಆ ಪಾಪವನ್ನು ನಾಯಿಯ ಲೆಕ್ಕಕ್ಕೆ ಬರೆದರು. ಪೂಜೆಯೂ ನಾಯಿಗೆ, ಪಾಪವೂ ನಾಯಿಗೆ. ದೇವತೆಯೆಂದು ಹಾಡಿ, ಮನೆಯ ಕೆಟ್ಟದ್ದಕ್ಕೆಲ್ಲ ಅವಳ ಕಾಲ್ಗುಣವೇ ಕಾರಣ ಎನ್ನುವ ಮಾತು ಕೇಳಿದವರಿಗೆ ಈ ಲೆಕ್ಕ ಹೊಸದೇನೂ ಅಲ್ಲ.

ಹಾಗೆಂದು ಕಲ್ಲಿನ ಬೆಲೆಯನ್ನು ಕಡಿಮೆ ಮಾಡಲಾರೆ. ನಮ್ಮ ಹೆಬ್ಬಾಳದಲ್ಲೇ 2018ರಲ್ಲಿ ನೆಲ ಅಗೆಯುವಾಗ ಸುಮಾರು 750ರ ವೀರಗಲ್ಲೊಂದು ಸಿಕ್ಕಿತು. ಗಂಗ ಶ್ರೀಪುರುಷನ ಕಾಲದಲ್ಲಿ ಹೋರಾಡಿ ಸತ್ತ ಕಿತ್ತಯ್ಯನ ಕಲ್ಲು ಅದು. ಮನುಷ್ಯನ ಸಾವಿಗೆ ಸಲ್ಲುವ ಆ ಮರ್ಯಾದೆಯೇ ಎರಡು ಶತಮಾನಗಳ ನಂತರ ಒಂದು ನಾಯಿಗೂ ಸಂದಿತಲ್ಲ! ಇದು ಸಣ್ಣ ಮಾತಲ್ಲ. ಕಾಳಿಯ ಹೆಸರು ಸಾವಿರ ವರ್ಷ ಉಳಿಯಿತು. ಆ ಕಾಲದ ಎಷ್ಟು ಹೆಂಗಸರ ಹೆಸರು ಉಳಿದಿದೆ ಎಂದು ಕೇಳಿಕೊಂಡರೆ ಮಾತ್ರ ಮನಸ್ಸು ಭಾರವಾಗುತ್ತದೆ.

ಪಾಪದ ಲೆಕ್ಕವನ್ನು ಅಡ್ಡದಾರಿ ಹಿಡಿಯದೆ ನೇರವಾಗಿ ಬರೆದ ಕವಿಯೆಂದರೆ ಜನ್ನ. 1209ರ ಅವನ 'ಯಶೋಧರ ಚರಿತೆ'ಯನ್ನು ನಾವೆಲ್ಲ ಅಮೃತಮತಿಗಾಗಿ ಓದುತ್ತೇವೆ. ಅವಳು ಮಾವುತನಿಗೆ ಒಲಿದದ್ದರ ಬಗ್ಗೆಯೇ ತರಗತಿಗಳಲ್ಲಿ ಚರ್ಚೆ. ಕಥೆಯ ಉಳಿದರ್ಧ ಪ್ರಾಣಿಗಳದ್ದು. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಪಾಪಕ್ಕೆ ಯಶೋಧರ ನವಿಲಾಗಿ ಹುಟ್ಟುತ್ತಾನೆ. ಆ ಬಲಿಗೆ ಒತ್ತಾಯಿಸಿದ ತಾಯಿ ಚಂದ್ರಮತಿ ನಾಯಿಯಾಗಿ ಹುಟ್ಟಿ, ಮಗನೆಂದು ತಿಳಿಯದೆ ಆ ನವಿಲಿನ ಮೇಲೆಯೇ ಬೀಳುತ್ತಾಳೆ. ಮಗನ ಒಳಿತಿಗೆಂದೇ ಬಲಿ ಬೇಡಿದ ತಾಯಿಯ ಹಲ್ಲಿಗೇ ಮಗನ ಕೊರಳು ಸಿಕ್ಕುವುದಕ್ಕಿಂತ ಕ್ರೂರವಾದ ಬೇಟೆಯ ಚಿತ್ರ ನಮ್ಮಲ್ಲಿ ಇನ್ನೊಂದಿರಲಾರದು. ಮುಂದೆ ಯಶೋಮತಿ ರಾಜ ಬೇಟೆಗೆ ಹೊರಟು, ದಾರಿಯಲ್ಲಿ ಕಂಡ ಮುನಿಯ ಮೇಲೆ ತನ್ನ ಬೇಟೆನಾಯಿಗಳನ್ನು ಬಿಡುತ್ತಾನೆ. ನಾಯಿಗಳು ಮುನಿಯನ್ನು ಮುಟ್ಟದೆ ಶಾಂತವಾಗುತ್ತವೆ. ಜೈನ ಕವಿಗೆ ಅದು ಧರ್ಮದ ಮಹಿಮೆ. ನನಗೆ ಕಾಣುವುದು ಇನ್ನೊಂದು ಸಂಗತಿ: ಒಡೆಯನ ಅಪ್ಪಣೆಯನ್ನು ನಾಯಿಗಳು ಮೀರುವ ಗಳಿಗೆಯಲ್ಲಿಯೇ ಒಡೆಯನ ಕಣ್ಣು ತೆರೆಯುತ್ತದೆ. ನಿಯತ್ತನ್ನು ಹೊಗಳುವ ಸಾಹಿತ್ಯದಲ್ಲಿ ಇದು ಅಪರೂಪದ ಗಳಿಗೆ.

ಹೊಸ ಕಾಲಕ್ಕೆ ಬಂದರೆ ಕುವೆಂಪು ಅವರ ಹುಲಿಯ. 'ಕಾನೂರು ಹೆಗ್ಗಡಿತಿ'ಯ (1936) ಬೇಟೆಗಳಲ್ಲಿ ಇನ್ನೂ ಗಂಡಸರ ಹುರುಪಿದೆ, ಆ ಹುರುಪಿನ ಬಗ್ಗೆ ಲೇಖಕರಿಗೆ ಪ್ರೀತಿಯಿದೆ. 'ಮಲೆಗಳಲ್ಲಿ ಮದುಮಗಳು' (1967) ಬರೆಯುವ ಹೊತ್ತಿಗೆ ಕಣ್ಣು ಬೇರೆಯಾಗಿದೆ. ಕಾದಂಬರಿ ಶುರುವಾಗುವುದು ಹೆಗ್ಗಡೆಯವರ ಕೋವಿಯಿಂದಲ್ಲ. ಅವರ ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನ ನಡಿಗೆಯಿಂದ. ಗುತ್ತಿಗೆ ಊರೇ ಇಟ್ಟ ಹೆಸರು ನಾಯಿಗುತ್ತಿ. ಮಣಲೆರ ನಾಯಿಯನ್ನು ಬಹುಮಾನವಾಗಿ ಪಡೆದವನು. ಗುತ್ತಿ ತಾನೇ ಇನ್ನೊಬ್ಬರ ಸ್ವತ್ತು. ಅಂಥವನಿಗೆ ತನ್ನದು ಎಂದು ಹೇಳಿಕೊಳ್ಳಲು ಇರುವ ಜೀವ ಒಂದು ನಾಯಿ, ಆಮೇಲೆ ಅವನು ಓಡಿಸಿಕೊಂಡು ಹೋಗುವ ತಿಮ್ಮಿ. ಇಲ್ಲಿ ಹುಲಿಯ ಬೇಟೆಯ ಆಯುಧವಾಗಿ ಉಳಿಯುವುದಿಲ್ಲ. ದಾರಿಯ ಜೊತೆಗಾರನಾಗಿ, ಕತ್ತಲೆಯ ಕಾವಲಾಗಿ, ತಿಮ್ಮಿಗೂ ಗುತ್ತಿಗೂ ನಡುವಿನ ಮೂರನೆಯ ಜೀವವಾಗಿ ಬೆಳೆಯುತ್ತದೆ. ಕೊನೆಗೆ ಪ್ರವಾಹ ಬಂದ ತುಂಗೆಯಲ್ಲಿ ಅದು ಕೊಚ್ಚಿಹೋಗುತ್ತದೆ.

ಕಾಳಿಗೆ ಸಿಕ್ಕಿದ್ದು ಹುಲಿಯನಿಗೆ ಸಿಗಲಿಲ್ಲ. ಕಲ್ಲಿಲ್ಲ, ಎರಡು ಕಂಡುಗ ಭೂಮಿಯಿಲ್ಲ, ಪೂಜಿಸುವ ಗೊರವನಿಲ್ಲ. ಗುತ್ತಿಯಂಥವನು ಯಾವ ಭೂಮಿಯನ್ನು ಬಿಟ್ಟಾನು? ಆದರೂ ಆ ಪುಟಗಳನ್ನು ಓದಿ ಅತ್ತ ಹೆಂಗಸರನ್ನು ನಾನು ಬಲ್ಲೆ. ಯಲಹಂಕದ ನಮ್ಮ ಓದಿನ ಕೂಟದಲ್ಲಿ ಒಬ್ಬರು ಆ ಅಧ್ಯಾಯ ಬಂದಾಗ ಪುಸ್ತಕ ಪಕ್ಕದವರ ಕೈಗೆ ಕೊಟ್ಟುಬಿಟ್ಟರು. ಮುಖ್ಯರು, ಅಮುಖ್ಯರು ಎಂಬ ಭೇದವನ್ನು ಕಾದಂಬರಿಯ ಮೊದಲಲ್ಲೇ ಅಳಿಸಿಹಾಕಿದ ಲೇಖಕ, ಆ ಮಾತನ್ನು ಉಳಿಸಿಕೊಂಡದ್ದು ಹುಲಿಯನ ಸಾವಿನಲ್ಲಿ ಎಂದು ನನಗನ್ನಿಸುತ್ತದೆ. ದೊರೆಗಳು ಕಲ್ಲಿನಲ್ಲಿ ಮಾಡಿದ್ದನ್ನು ಕಾದಂಬರಿ ಕಾಗದದ ಮೇಲೆ ಮಾಡಿದೆ. ಪಾಪವನ್ನು ಮಾತ್ರ ನಾಯಿಯ ತಲೆಗೆ ಕಟ್ಟಿಲ್ಲ.

ತೇಜಸ್ವಿಯವರ ಕಿವಿಯ ಕಥೆ ಹಗುರ. 'ಕರ್ವಾಲೊ' (1980) ಮತ್ತು 'ಪರಿಸರದ ಕತೆ'ಯಲ್ಲಿ (1991) ಬರುವ ಈ ನಾಯಿ ವೀರನೂ ಅಲ್ಲ, ಹುತಾತ್ಮನೂ ಅಲ್ಲ. ಅದಕ್ಕೆ ತನ್ನದೇ ಹಟ, ತನ್ನದೇ ಕುತೂಹಲ. ನಾಯಿಯನ್ನು ಹೊಗಳದೆ ಪ್ರೀತಿಸಬಹುದು ಎಂದು ಕನ್ನಡ ಗದ್ಯಕ್ಕೆ ಕಲಿಸಿದವರು ತೇಜಸ್ವಿ. 'ಕರ್ವಾಲೊ'ದಲ್ಲಿ ಕಾಡಿಗೆ ಹೊರಡುವ ತಂಡ ಒಂದು ವಿಚಿತ್ರ ಬೇಟೆಯ ತಂಡ: ವಿಜ್ಞಾನಿ, ರೈತ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಜೊತೆಗೆ ಕಿವಿ. ಅವರು ಅರಸಿ ಹೋದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಬೇಟೆಯಾಗಿ ಹೊರಟದ್ದು ನೋಟವಾಗಿ ಮುಗಿಯುತ್ತದೆ. ಕೊಲ್ಲದೆಯೂ ಬೇಟೆಯ ರೋಮಾಂಚವನ್ನು ಕೊಡಬಲ್ಲ ಈ ಕಾದಂಬರಿ ನನಗೆ ಬಹಳ ಪ್ರಿಯ. ಆದರೂ ಒಂದು ಮಾತು ಹೇಳಲೇಬೇಕು. ಆ ತಂಡದಲ್ಲಿ ನಾಯಿಗೆ ಜಾಗವಿದೆ, ಹೆಂಗಸಿಗಿಲ್ಲ. ಅಷ್ಟು ಪ್ರಶ್ನೆಗಳನ್ನು ಎತ್ತುವ ಪುಸ್ತಕ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಕಾಡಿನಲ್ಲಿ ಸೌದೆ, ಸೊಪ್ಪು, ಅಣಬೆ ಅರಸುವ ಹೆಂಗಸರ ಕಣ್ಣಿಗೆ ಓತಿ ಎಂದೂ ಬಿದ್ದಿರಲಿಲ್ಲವೇ? ಯಾರೂ ಅವರನ್ನು ಕೇಳಲಿಲ್ಲ, ಅಷ್ಟೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧ. ಹೊಸತೊಡಕಿಗೆ ನಾವು ಸಾಲಿನಲ್ಲಿ ನಿಂತು ಅಂಗಡಿಯ ಮಾಂಸ ತರುತ್ತೇವೆ. ಅಜ್ಜಿಯ ಊರಿನ ಬೀಳು ಹೊಲಗಳ ಮೇಲೆ ಬಡಾವಣೆಗಳು ಎದ್ದಿವೆ. ಇದರಲ್ಲಿ ಬೇಟೆ ನಿಂತದ್ದಕ್ಕೆ ನನಗೆ ದುಃಖವಿಲ್ಲ. ಮೊಲವೂ ಬದುಕಬೇಕಾದ ಜೀವ. ಆದರೆ ಬೇಟೆ ನಿಂತರೂ ಬೇಟೆಯ ಸಾಹಿತ್ಯ ನಿಲ್ಲುವುದಿಲ್ಲ. ಶೌರ್ಯ, ನಿಯತ್ತು, ಒಡೆತನ ಎಂಬ ಅದರ ಮಾತುಗಳು ಮನೆಗಳಲ್ಲಿ, ಕಚೇರಿಗಳಲ್ಲಿ ಬೇರೆ ಬೇರೆ ವೇಷದಲ್ಲಿ ಬಳಕೆಯಲ್ಲಿವೆ. "ಎಷ್ಟು ನಿಯತ್ತಿನವಳು" ಎಂದು ನಮ್ಮನ್ನು ಹೊಗಳುವವರು ಸಿಕ್ಕಾಗಲೆಲ್ಲ ನನಗೆ ಆತಕೂರಿನ ಶಾಸನ ನೆನಪಾಗುತ್ತದೆ. ಹೊಗಳಿಕೆಯ ಕಲ್ಲನ್ನು ಯಾರು ನಿಲ್ಲಿಸಿದರು, ಕೆಳಗಿನ ಸಾಲಿನಲ್ಲಿ ಪಾಪವನ್ನು ಯಾರ ಹೆಸರಿಗೆ ಬರೆದರು ಎಂದು ಪೂರ್ತಿ ಓದಿ ನೋಡುವುದು ಒಳ್ಳೆಯದು.

ನಮ್ಮ ಲೇಖಕಿಯರಿಂದ ನನಗೊಂದು ನಿರೀಕ್ಷೆಯಿದೆ. ಬೇಟೆ ಮುಗಿದು ಗಂಡಸರು ಜಗಲಿಯಲ್ಲಿ ಕೂತು ಕಥೆ ಹೇಳುವಾಗ ಹಿತ್ತಿಲಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಯಾರಾದರೂ ವಿವರವಾಗಿ ಬರೆಯಲಿ. ಹಂದಿಯ ಕೋರೆ ತಾಗಿದ ನಾಯಿಯ ಗಾಯಕ್ಕೆ ಅರಿಶಿನ ಮೆತ್ತಿದ ಕೈ ಯಾರದು, ಮೊಲದ ಹೊಟ್ಟೆಯಲ್ಲಿ ಮರಿಯಿದ್ದದ್ದನ್ನು ಮೊದಲು ಕಂಡವರು ಯಾರು, ಕಂಡು ಏನೂ ಹೇಳದೆ ಒಲೆ ಹೊತ್ತಿಸಿದವರು ಯಾರು? ಕಾಳಿಗೆ ಕಲ್ಲಿದೆ, ಹುಲಿಯನಿಗೆ ಕಾದಂಬರಿಯಿದೆ. ಆ ಹಿತ್ತಿಲಿಗೆ ಇನ್ನೂ ಒಂದು ಪುಟ ಬಾಕಿಯಿದೆ.