ಪುಡಿಗೆ ಒಡೆಯನಿದ್ದಾನೆ, ಧೂಳಿಗೆ?

ಕಾಫಿಪುಡಿ, ಖಾರದಪುಡಿ, ಸುಣ್ಣದಪುಡಿ ಎನ್ನುತ್ತೇವೆ. ಕಾಫಿಧೂಳು ಎಂದು ಯಾರೂ ಹೇಳುವುದಿಲ್ಲ. ಚಹಾ ತೋಟದವರು ಅತಿ ಸಣ್ಣ ದರ್ಜೆಯ ಎಲೆಗೆ 'ಡಸ್ಟ್' ಎಂದೇ ಹೆಸರಿಟ್ಟು ಮಾರುತ್ತಾರೆ. ಆದರೆ ಅದೇ ಪೊಟ್ಟಣ ನಮ್ಮ ಅಡುಗೆಮನೆಗೆ ಬಂದೊಡನೆ ಚಹಾಪುಡಿಯಾಗುತ್ತದೆ. ಕಾಸು ಕೊಟ್ಟು ತಂದದ್ದನ್ನು ಧೂಳೆನ್ನಲು ಕನ್ನಡದ ನಾಲಿಗೆ ಒಪ್ಪುವುದಿಲ್ಲ. ಕರಾವಳಿಯವರ 'ಹುಡಿ' ಮಾತ್ರ ಎರಡೂ ಕಡೆ ಸಲ್ಲುತ್ತದೆ. ಅಲ್ಲಿ ಅರಸಿನದ ಹುಡಿಯೂ ಉಂಟು, ರಸ್ತೆಯಲ್ಲಿ ಹಾರುವ ಹುಡಿಯೂ ಉಂಟು. ಹಳಗನ್ನಡದ 'ಪಾಲು' ಹಾಲಾದಂತೆ 'ಪುಡಿ' ಹುಡಿಯಾದದ್ದು. ಉಳಿದೆಡೆ ಈ ಎರಡು ಪದಗಳ ನಡುವೆ ಒಂದು ಗೆರೆಯಿದೆ. ಪುಡಿಗೆ ಒಡೆಯನಿದ್ದಾನೆ, ಬೆಲೆಯಿದೆ. ಧೂಳಿಗೆ ಎರಡೂ ಇಲ್ಲ.

ಈ ಗೆರೆ ಎಷ್ಟು ದುಬಾರಿ ಎಂಬುದನ್ನು ಬಳ್ಳಾರಿ, ಸಂಡೂರು, ಹೊಸಪೇಟೆಯ ಜನ ಕಂಡರು. ಅಲ್ಲಿನ ಗಣಿಗಳಲ್ಲಿ ಅದಿರಿನ ಸಣ್ಣ ಪುಡಿಯನ್ನು ಒಂದು ಕಾಲದಲ್ಲಿ ಕೆಲಸಕ್ಕೆ ಬಾರದ್ದೆಂದು ಗುಡ್ಡೆ ಹಾಕುತ್ತಿದ್ದರು. 2000ದ ನಂತರದ ವರ್ಷಗಳಲ್ಲಿ ಚೀನಾದ ಬೇಡಿಕೆ ಏರಿತು, ಆ ಗುಡ್ಡೆಗಳೇ ಹಣವಾದವು. ಸಾಲುಸಾಲು ಲಾರಿಗಳು ಬಂದರುಗಳತ್ತ ಓಡಿದವು. ಲಾರಿಯ ಒಳಗಿದ್ದಾಗ ಅದು ಅದಿರು. ಅದಕ್ಕೆ ತೂಕ, ಪರ್ಮಿಟ್, ಟನ್ನಿಗಿಷ್ಟು ಎಂಬ ದರ. ಅದೇ ಲಾರಿಯಿಂದ ಹಾರಿ ರಸ್ತೆಬದಿಯ ಜೋಳದ ಮೇಲೆ, ಮಗುವಿನ ತಟ್ಟೆಯ ಮೇಲೆ, ಉಸಿರಿನ ಒಳಗೆ ಇಳಿದಾಗ ಅದು ಬರೀ ಧೂಳು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಮಾಯವಾದಾಗ ರಾಜ್ಯವೇ ಗದ್ದಲವೆದ್ದಿತು, ಲೆಕ್ಕ ಕೇಳಲಾಯಿತು. ಕೇಳಬೇಕಾದದ್ದೇ. ಹೊಲಗಳ ಮೇಲೆ ಬಿದ್ದದ್ದನ್ನು ಯಾರು ತೂಗಿದರು? 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವ ಹೊತ್ತಿಗೆ ಆ ಭಾಗದ ಗಿಡಮರಗಳು ಹಸಿರು ಬಣ್ಣ ಮರೆತು ಬಹಳ ದಿನವಾಗಿತ್ತು.

ಇಲ್ಲಿ ನಮ್ಮ ಪತ್ರಿಕೆಗಳ ಭಾಷೆಯ ಬಗ್ಗೆಯೂ ಹೇಳಬೇಕು, ನಮ್ಮನ್ನೂ ಸೇರಿಸಿಕೊಂಡು. ಸಿನಿಮಾ 'ಗಲ್ಲಾಪೆಟ್ಟಿಗೆಯಲ್ಲಿ ಧೂಳೆಬ್ಬಿಸಿತು' ಎಂದು ಬರೆಯುತ್ತೇವೆ. ಕ್ರಿಕೆಟ್ ತಂಡ ಸೋತರೂ 'ಧೂಳೀಪಟ', ಗಾಝಾದಲ್ಲಿ ಮನೆಗಳು ಉರುಳಿದರೂ 'ಧೂಳೀಪಟ'. ಎರಡನ್ನೂ ಒಂದೇ ಪದದಲ್ಲಿ ಮುಗಿಸುವವನಿಗೆ ಅವಶೇಷದಡಿ ಯಾರಿದ್ದರೆಂದು ಕೇಳುವ ತುರ್ತು ಇರುವುದಿಲ್ಲ. ಹಸುಗಳ ಗೊರಸಿನಿಂದೆದ್ದ ಧೂಳಿಗೆ ನಮ್ಮ ಹಿರಿಯರು 'ಗೋಧೂಳಿ' ಎಂಬ ಚೆಂದದ ಹೆಸರಿಟ್ಟು, ಆ ಹೊತ್ತಿನಲ್ಲಿ ಲಗ್ನವನ್ನೂ ಇಟ್ಟರು. ಲಾರಿಯ ಗಾಲಿಯಿಂದೆದ್ದ ಧೂಳಿಗೆ ಹೆಸರಿಡುವ ಕವಿ ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಧೂಳನ್ನು ಹೀಗೆ ಯಾರದ್ದೂ ಅಲ್ಲದ್ದೆಂದು ನೋಡಲೇಬೇಕೆಂದೇನಿಲ್ಲ. ಉರ್ದು ಬಲ್ಲ ಹಿರಿಯರು ವಿನಯದಿಂದ ತಮ್ಮನ್ನು 'ಖಾಕ್‌ಸಾರ್' ಎಂದು ಕರೆದುಕೊಳ್ಳುತ್ತಿದ್ದರು. ಖಾಕ್ ಎಂದರೆ ಮಣ್ಣು, ಧೂಳು. ಪೊಲೀಸರ ಖಾಕಿ ಬಂದದ್ದೂ ಅದೇ ಪದದಿಂದ, ಆದರೆ ಅಲ್ಲಿ ವಿನಯವನ್ನು ಹುಡುಕುವುದು ಸ್ವಲ್ಪ ಕಷ್ಟ! ಅರಬಿಯ ಒಂದು ಹೆಸರಿನ ಕಥೆ ಇನ್ನೂ ಗಮನಾರ್ಹ. ಮನೆಯಲ್ಲಿ ಏನೋ ಮಾತು ಬಂದು ಹ. ಅಲಿ(ರ) ಎದ್ದು ಹೋಗಿ ಮಸೀದಿಯಲ್ಲಿ ಮಲಗಿದ್ದರು. ಮೇಲುಹೊದಿಕೆ ಜಾರಿ ಮೈಗೆ ಧೂಳು ಮೆತ್ತಿತ್ತು. ಹುಡುಕಿಕೊಂಡು ಬಂದ ಪ್ರವಾದಿ(ಸ) ತಮ್ಮ ಕೈಯಿಂದಲೇ ಆ ಧೂಳನ್ನು ಒರೆಸುತ್ತಾ 'ಅಬೂ ತುರಾಬ್' ಎಂದು ಕರೆದು ಎಬ್ಬಿಸಿದರು. ಧೂಳಿನ ತಂದೆ ಎಂದು ಅದರ ಅರ್ಥ. ಮುಂದೆ ರಾಜಕೀಯ ಕೆಟ್ಟಾಗ ವಿರೋಧಿಗಳು ಅದೇ ಹೆಸರನ್ನು ಬೈಗುಳವಾಗಿ ಬಳಸಿದರು. ಆ ಹೆಸರಿಟ್ಟು ಶಪಿಸೆಂದು ಮದೀನಾದ ಅಧಿಕಾರಿಯೊಬ್ಬನು ಹೇಳಿದಾಗ ಹ. ಸಹ್ಲ್(ರ) ಎಂಬ ಸಹಾಬಿ, ಅಲಿಗೆ ಅದಕ್ಕಿಂತ ಪ್ರಿಯವಾದ ಹೆಸರೇ ಇರಲಿಲ್ಲವೆಂದು ತಿಳಿಸಿ ಈ ಕಥೆ ಹೇಳಿದರಂತೆ. ಒರೆಸಿದ ಕೈಯ ನೆನಪಿದ್ದವರಿಗೆ ಧೂಳು ಬೈಗುಳವಾಗಲಿಲ್ಲ.

ನಮ್ಮ ವರದಿಗಾರ ಮಿತ್ರರಿಗೆ ಒಂದು ಸಣ್ಣ ಬಿನ್ನಹ. ಗಣಿಯ ಊರಿಗೆ ಹೋದಾಗ 'ಹೊಲವನ್ನು ಧೂಳು ಆವರಿಸಿದೆ' ಎಂದು ಬರೆಯುವ ಬದಲು 'ಹೊಲದ ಮೇಲೆ ಅದಿರಿನ ಪುಡಿ ಬಿದ್ದಿದೆ' ಎಂದು ಬರೆದು ನೋಡಿ. ಯಾರ ಅದಿರು ಎಂದು ಓದುಗರೇ ಕೇಳುತ್ತಾರೆ.