ವ್ಯಯಪ್ರತ್ಯಾಯ: ಕೌಟಿಲ್ಯನ ಕೋಷ್ಠಾಗಾರವಿಚಾರ

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ಹಸ್ತಪ್ರತಿಯನ್ನು ಶೋಧಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲೀಯ ಅರ್ಥಶಾಸ್ತ್ರವನ್ನು ಪ್ರಕಟಿಸಿದಂದಿನಿಂದ, ಆ ಗ್ರಂಥದ ಕರ್ತೃ ಯಾರು, ಕಾಲ ಯಾವುದು ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಬಹುವಾಗಿ ವಾದ ನಡೆದಿರುವುದು. ಅದರ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರವನ್ನು ಓದುವವರ ಮನಸ್ಸನ್ನು ಮೊದಲು ಸೆಳೆಯುವುವು, ಅಧಿಕಾರಿಗಳು ಧನವನ್ನು ಅಪಹರಿಸುವ 40 ಉಪಾಯಗಳ ಗಣನೆಯೂ ನೀರಿನೊಳಗಣ ಮೀನಿನ ದೃಷ್ಟಾಂತವೂ. ಇದರಿಂದ ಈ ಭಾಗವು ಕೇವಲ ಶಂಕೆಯ ಶಾಸ್ತ್ರವೆಂದೂ, ಕೊಳ್ಳುವ ಕೂಡಿಡುವ ಅಧಿಕಾರಿಗಳನ್ನು ಕಳ್ಳರಂತೆ ಕಾಯುವುದೇ ಇದರ ತಾತ್ಪರ್ಯವೆಂದೂ ಭಾವಿಸುವುದು ಸುಲಭ. ಆದರೆ ಪ್ರಕರಣಗಳನ್ನು ಒಂದರೊಡನೊಂದು ಕೂಡಿಸಿ ಪರಿಶೀಲಿಸಿದಲ್ಲಿ ಈ ಭಾವನೆ ನಿಲ್ಲಲಾರದು.

ಕೋಷ್ಠಾಗಾರಾಧ್ಯಕ್ಷಪ್ರಕರಣದಲ್ಲಿ ಧಾನ್ಯಾದಿಗಳ ಆಯಮುಖಗಳನ್ನು ಎಣಿಸುವಾಗ ಗ್ರಂಥಕಾರನು ‘ಕ್ರಯಿಮ’ವೆಂಬ ಖರೀದಿಯ ಬಾಬನ್ನು ಹೇಳಿ, ಅದರೊಂದಿಗೇ ‘ವ್ಯಯಪ್ರತ್ಯಾಯ’ವೆಂಬುದನ್ನೂ ಸೇರಿಸಿರುವನು. ಸೈನ್ಯವನ್ನು ಕಳುಹಿಸುವುದೇ ಮೊದಲಾದ ಕಾರ್ಯಗಳಿಗೆಂದು ತೆಗೆದಿಟ್ಟುದರಲ್ಲಿ ಉಳಿದು ಮರಳಿ ಬಂದುದೇ ವ್ಯಯಪ್ರತ್ಯಾಯ. ಉಳಿದುದನ್ನು ವ್ಯಯದ ಕಡಿತವೆಂದು ಬರೆಯದೆ ಆಯವೆಂದೇ ಲೆಕ್ಕಕ್ಕೆ ತಂದುದು ಗಮನಾರ್ಹ. ಈ ಒಂದು ಪಾರಿಭಾಷಿಕ ಶಬ್ದದಲ್ಲಿ ಪ್ರಕರಣದ ಮರ್ಮವೇ ಅಡಗಿದೆ. ಉಗ್ರಾಣದವನು ಖರ್ಚುಮಾಡುವವನು ಮಾತ್ರವಲ್ಲ, ಕೋಶವನ್ನು ಬೆಳೆಸುವವನೂ ಹೌದು.

ಆದುದರಿಂದಲೇ ಅವನ ಕಾರ್ಯಕ್ಕೆ ಮೊದಲೇ ಧನವನ್ನೂ ಶ್ರಮವನ್ನೂ ತೊಡಗಿಸಬೇಕೆಂಬುದು ಗ್ರಂಥದ ಆಶಯ. ಸನ್ನಿಧಾತನು ಪಣ್ಯಗೃಹ, ಕೋಷ್ಠಾಗಾರ, ಕುಪ್ಯಗೃಹಗಳನ್ನು ಕಟ್ಟಿಸತಕ್ಕವನು. ರತ್ನಾದಿಗಳನ್ನು ಆಯಾ ವಸ್ತುವನ್ನು ಬಲ್ಲವರ ಸಮಕ್ಷಮದಲ್ಲಿಯೇ ಸ್ವೀಕರಿಸತಕ್ಕವನು. ಉಗ್ರಾಣದಲ್ಲಿ ಒಂದು ಅರತ್ನಿ ಬಾಯಿಯುಳ್ಳ ಮಳೆಯಳೆಯುವ ಕುಂಡವನ್ನಿಡಬೇಕೆಂಬ ವಿಧಿಯೂ ಉಂಟು. ಸೀತಾಧ್ಯಕ್ಷಪ್ರಕರಣದಲ್ಲಿ ಮಳೆಯ ಪ್ರಮಾಣವನ್ನು ತಿಳಿದು ಬಿತ್ತನೆಯನ್ನು ನಿರ್ಣಯಿಸಬೇಕೆಂದಿರುವುದನ್ನು ಇದರೊಡನೆ ಓದಿದರೆ, ಮುಂಬರುವ ಪೂರೈಕೆಯ ಜ್ಞಾನವೂ ಉಗ್ರಾಣದ ಸಲಕರಣೆಯೆಂಬುದು ಸ್ಪಷ್ಟವಾಗುವುದು. ಕುಟ್ಟಿದಾಗ, ಬೀಸಿದಾಗ, ಹುರಿದಾಗ ಧಾನ್ಯದಲ್ಲಿ ಆಗುವ ವೃದ್ಧಿಕ್ಷಯಗಳನ್ನು ಅಧ್ಯಕ್ಷನು ಸ್ವತಃ ಕಂಡು ತಿಳಿಯಬೇಕು. ಪಣ್ಯಾಧ್ಯಕ್ಷನು ಸರಕಿನ ಬೆಲೆಯನ್ನಷ್ಟೇ ಅಲ್ಲ, ಜನರಿಗೆ ಅದು ಪ್ರಿಯವೋ ಅಪ್ರಿಯವೋ ಎಂಬುದನ್ನೂ ಕೊಳ್ಳುವ ಮಾರುವ ಕಾಲವನ್ನೂ ಅರಿಯಬೇಕು. ಕಾವಲಿನಿಂದ ಕಳವು ತಪ್ಪೀತೇ ಹೊರತು ಈ ಜ್ಞಾನವು ಹುಟ್ಟದು.

ಇಂದಿನ ವ್ಯಾಪಾರಸಂಸ್ಥೆಗಳಿಗೂ ಈ ನ್ಯಾಯವು ಅನ್ವಯಿಸುವುದು. ಮಾರಾಟದ 100 ರೂಪಾಯಿಗಳಲ್ಲಿ 60 ಖರೀದಿಗೂ 35 ಇತರ ವೆಚ್ಚಗಳಿಗೂ ಹೋಗಿ 5 ಲಾಭವುಳಿಯುವ ಸಂಸ್ಥೆಯೊಂದು ಖರೀದಿಯಲ್ಲಿ ನೂರಕ್ಕೆ 5ರಂತೆ ಉಳಿಸಿದರೆ ಲಾಭವು 8 ಆಗುವುದು. ಅದೇ ಲಾಭವನ್ನು ಹಿಂದಿನ ಪ್ರಮಾಣದಲ್ಲಿ ಮಾರಾಟದಿಂದಲೇ ಪಡೆಯಬೇಕಾದರೆ 160 ರೂಪಾಯಿಗಳ ಮಾರಾಟ ಬೇಕು. ಹೀಗಿದ್ದೂ ಖರೀದಿಯ ಇಲಾಖೆಗೆ ತಜ್ಞರನ್ನೂ ಸಲಕರಣೆಗಳನ್ನೂ ಒದಗಿಸುವುದು ದಂಡದ ವೆಚ್ಚವೆಂದು ಎಣಿಸುವ ಯಜಮಾನನು ವ್ಯಯಪ್ರತ್ಯಾಯದ ಅರ್ಥವನ್ನು ತಿಳಿಯದವನೇ ಸರಿ.

ಆದರೆ ಲಾಭವೇ ಕೌಟಿಲ್ಯನ ಕೊನೆಯ ಅಳತೆಗೋಲಲ್ಲ. ಉಗ್ರಾಣದ ಅರ್ಧಭಾಗವನ್ನು ಜನಪದದ ಆಪತ್ಕಾಲಕ್ಕಾಗಿ ಮೀಸಲಿಟ್ಟು, ಉಳಿದರ್ಧವನ್ನು ಉಪಯೋಗಿಸುತ್ತ, ಹಳೆಯದರ ಸ್ಥಾನದಲ್ಲಿ ಹೊಸದನ್ನು ತುಂಬತಕ್ಕದ್ದೆಂದು ಅವನ ಮತ. ಪ್ರಜೆಗಳಿಗೆ ಪೀಡೆಯನ್ನುಂಟುಮಾಡುವ ಲಾಭವು ಎಷ್ಟು ದೊಡ್ಡದಾದರೂ ಬಿಡತಕ್ಕದ್ದು. ಬರಿಯ ಉಳಿತಾಯವನ್ನೇ ನೋಡುವವನಿಗೆ ಅರ್ಧ ಉಗ್ರಾಣವು ಸತ್ತ ಬಂಡವಾಳವಾಗಿ ತೋರೀತು. ಬರ ಬಂದ ವರ್ಷ ಆ ಅರ್ಧವೇ ರಾಜ್ಯವನ್ನುಳಿಸುವುದು.

ಗ್ರಂಥದಲ್ಲಿ ಒಂದು ನ್ಯೂನತೆಯೂ ಇದೆ. ಅಧ್ಯಕ್ಷನು ಏನೇನನ್ನು ಬಲ್ಲವನಾಗಿರಬೇಕೆಂದು ವಿವರವಾಗಿ ವಿಧಿಸುವ ಈ ಪ್ರಕರಣಗಳು, ಆ ಜ್ಞಾನವನ್ನು ಅವನಿಗೆ ಕಲಿಸುವ ಕ್ರಮವನ್ನು ಹೇಳುವುದಿಲ್ಲ. ಸೂತ್ರಶೈಲಿಯ ಸಂಕ್ಷೇಪವು ಇದಕ್ಕೆ ಕಾರಣವಾಗಿರಬಹುದು. ಪಾಠ ಹೇಳುವವರು 40 ಅಪಹಾರೋಪಾಯಗಳೊಂದಿಗೆ ವ್ಯಯಪ್ರತ್ಯಾಯವೆಂಬ ಒಂದು ಪದವನ್ನೂ ವಿವರಿಸಿದಲ್ಲಿ, ಕೌಟಿಲ್ಯನು ಕೋಶವನ್ನು ಕಾಯುವುದರ ಜೊತೆಗೆ ಬೆಳೆಸುವುದನ್ನೂ ಬಲ್ಲವನೆಂಬುದು ವಿದ್ಯಾರ್ಥಿಗಳಿಗೆ ವಿದಿತವಾಗುವುದು.