ಕಥೆ ಯಾರ ಬಾಯಲ್ಲಿ?

ಗಾಂಧೀಜಿಯವರ ಕೊಲೆಯ ವಿಚಾರ ಮುಂಬಯಿಯಲ್ಲಿ ಎದ್ದಾಗಲೆಲ್ಲ ಪ್ರದೀಪ ದಳವಿಯವರ ಮರಾಠಿ ನಾಟಕ ‘ಮೀ ನಥುರಾಮ್ ಗೋಡ್ಸೆ ಬೋಲ್ತೋಯ್’ ನೆನಪಾಗುತ್ತದೆ. 1998ರಲ್ಲಿ ರಂಗವೇರಿದ ಈ ನಾಟಕವನ್ನು ಮಹಾರಾಷ್ಟ್ರ ಸರಕಾರ ಅದೇ ವರ್ಷ ತಡೆಯಿತು. ಮುಂದೆ ಹೈಕೋರ್ಟಿನ ತೀರ್ಪಿನಿಂದ ಅದು ಮರಳಿ ರಂಗಕ್ಕೆ ಬಂದಿತು. ತಡೆದದ್ದು ಸರಿಯೇ ಎಂಬ ವಾದದಲ್ಲಿ, ನಾಟಕ ಕಥೆಯನ್ನು ಯಾರ ಬಾಯಿಂದ ಹೇಳಿಸುತ್ತದೆ ಎಂಬುದನ್ನು ವಿಚಾರಿಸಿದವರು ಕಡಿಮೆ.

ಹೆಸರೇ ಸಾರುವಂತೆ ಇಲ್ಲಿ ಮಾತನಾಡುವವನು ಕೊಲೆಗಾರ. ಶರದ್ ಪೋಂಕ್ಷೆಯವರ ಸ್ಪಷ್ಟ ಮಾತುಗಾರಿಕೆಯನ್ನು ಮೆಚ್ಚದಿರಲು ಸಾಧ್ಯವಿಲ್ಲ. ‘ನಾನು’ ಎಂದು ಮನಬಿಚ್ಚಿ ಹೇಳುವವನತ್ತ ಕೇಳುಗರ ಮನಸ್ಸು ವಾಲುವುದು ಸಹಜವೇ. ಆದರೆ ‘ಏಕೆ ಕೊಂದೆ’ ಎಂಬ ಒಂದೇ ಪ್ರಶ್ನೆಯ ಸುತ್ತ ಕಥೆ ಸುತ್ತಿದಾಗ ‘ಯಾರ್ಯಾರು ಸೇರಿದ್ದರು, ಯಾರಿಗೆ ಮೊದಲೇ ಗೊತ್ತಿತ್ತು, ಏಕೆ ತಡೆಯಲಿಲ್ಲ’ ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಕೆಂಪುಕೋಟೆಯ ನ್ಯಾಯಾಲಯ 1949ರಲ್ಲಿ 7 ಮಂದಿಯನ್ನು ತಪ್ಪಿತಸ್ಥರೆಂದಿತು. ಮೇಲ್ಮನವಿಯಲ್ಲಿ ಇಬ್ಬರು ಬಿಡುಗಡೆಯಾದರು. ಇಷ್ಟು ಜನರ ಸಂಚು ರಂಗದ ಮೇಲೆ ಒಬ್ಬನ ಅಂತರಂಗದ ಕಥೆಯಾಗಿಬಿಡುತ್ತದೆ.

ಇದರ ಪಕ್ಕದಲ್ಲಿ 1969ರ ಕಪೂರ್ ಆಯೋಗದ ವರದಿಯನ್ನಿಟ್ಟು ನೋಡಬೇಕು. ಕಡತಗಳ ನಡುವೆಯೇ ದಿನ ಕಳೆಯುವ ನಮ್ಮಂಥವರಿಗೆ ಅದು ಯಾವ ನಾಟಕಕ್ಕೂ ಕಡಿಮೆಯಲ್ಲ. 1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದಲ್ಲಿ ಬಾಂಬು ಸಿಡಿಸಿ ಮದನಲಾಲ ಪಾಹ್ವಾ ಸಿಕ್ಕಿಬಿದ್ದ. ಮರುದಿನವೇ ನಮ್ಮ ಮಾಟುಂಗದ ರುಯಿಯಾ ಕಾಲೇಜಿನ ಪ್ರಾಧ್ಯಾಪಕ ಜೈನರು, ಅವನು ತಮಗೆ ಮೊದಲೇ ಹೇಳಿದ್ದನ್ನು ಬಿ. ಜಿ. ಖೇರ್ ಮತ್ತು ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ತಿಳಿಸಿದರು. ಇನ್ನೂ 9 ದಿನಗಳಿದ್ದವು. ತನಿಖೆ ವಹಿಸಿಕೊಂಡ ಮುಂಬಯಿಯ ಪೊಲೀಸ್ ಅಧಿಕಾರಿ ನಾಗರ್‌ವಾಲಾ ಅವರು ಗಾಂಧೀಜಿಯವರನ್ನು ಅಪಹರಿಸುವ ಹುನ್ನಾರವಿದೆ ಎಂದು ಭಾವಿಸಿದರು. ಪುಣೆಯ ಪತ್ರಿಕಾ ಸಂಪಾದಕನೊಬ್ಬ ಇದರಲ್ಲಿದ್ದಾನೆಂಬ ಸುಳಿವು ದೆಹಲಿಯ ಪೊಲೀಸರ ಕೈಯಲ್ಲಿದ್ದರೂ ಅವನನ್ನು ಸಕಾಲದಲ್ಲಿ ಗುರುತಿಸಲಾಗಲಿಲ್ಲ. ಕಥೆಯ ಚೌಕಟ್ಟು ತಪ್ಪಿದರೆ ಕಣ್ಣೆದುರಿನ ಸಾಕ್ಷ್ಯವೂ ಕಾಣದು ಎನ್ನಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ವರದಿಯನ್ನೂ ಜನ ತಮಗೆ ಬೇಕಾದಂತೆ ಕತ್ತರಿಸುತ್ತಾರೆ. ಸಾವರ್ಕರರನ್ನು ನ್ಯಾಯಾಲಯ ಬಿಡುಗಡೆ ಮಾಡಿತೆಂದು ಒಬ್ಬರು ಹೇಳಿ ಸುಮ್ಮನಾಗುತ್ತಾರೆ. ಸಂಚು ಅವರದೂ ಅವರ ಗುಂಪಿನದೂ ಎಂದು ಆಯೋಗ ಹೇಳಿತೆಂದು ಇನ್ನೊಬ್ಬರು. ಎರಡೂ ನಿಜ. ಮಾಫಿ ಸಾಕ್ಷಿ ಬಡಗೆಯ ಮಾತಿಗೆ ಸ್ವತಂತ್ರ ಪುಷ್ಟಿ ಸಾಲದೆಂದು ಬಿಡುಗಡೆಯಾಯಿತು. ಆಯೋಗ ಶಿಕ್ಷೆ ವಿಧಿಸುವ ನ್ಯಾಯಾಲಯವಾಗಿರಲಿಲ್ಲ, ವರದಿ ಬರುವ ಮೊದಲೇ 1966ರಲ್ಲಿ ಸಾವರ್ಕರರು ತೀರಿಕೊಂಡಿದ್ದರು. ಇಷ್ಟನ್ನೂ ಒಟ್ಟಿಗೆ ಹೇಳುವವರು ವಿರಳ. ಮುಂದೆ ‘ನಾಲ್ಕನೆಯ ಗುಂಡು’ ಎಂಬ ಹೊಸ ಕಥೆಯೂ ಹುಟ್ಟಿತು; ಮರುತನಿಖೆಯ ಆ ಬೇಡಿಕೆಯನ್ನು ಸುಪ್ರೀಂ ಕೋರ್ಟು 2018ರಲ್ಲಿ ತಳ್ಳಿಹಾಕಿತು.

ಇದು ಹಳೆಯ ಮಾತಷ್ಟೇ ಎನ್ನುವಂತಿಲ್ಲ. 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರು ಗುಂಡಿಗೆ ಬಲಿಯಾದಾಗಲೂ ಕೊಂದವರಾರು ಎಂಬುದನ್ನು ಬಿಟ್ಟು ಸತ್ತವರು ಏನು ಬರೆದಿದ್ದರು ಎಂದು ಅಳೆಯಲು ಹೊರಟವರಿದ್ದರು.

ನಾಟಕವನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ನಮ್ಮ ಮಕ್ಕಳು ಮರಾಠಿ ರಂಗಭೂಮಿಯನ್ನು ತಮ್ಮದೆಂದೇ ಕಾಣುವವರು; ನೋಡಲಿ. ಮನೆಗೆ ಬಂದ ಮೇಲೆ ಮಾತ್ರ ಕಥೆ ಹೇಳಿದವರು ಯಾರು, ಯಾರ ಮಾತು ಬಿಟ್ಟುಹೋಯಿತು ಎಂದು ಅವರೊಡನೆ ಕುಳಿತು ಕೇಳುವುದು ಹಿರಿಯರ ಹೊಣೆ.